ಮೂರು ಚುಕ್ಕೆಯ ಪಂಪ್

ಜೂನ್ 2, ಮಂಗಳವಾರ. ಸಂಜೆ 6

ಏಳು ಸೆಟ್ ಕಟ್ಟುಹಲ್ಲು ಮುಗಿಯಿತು. ಎಂಟನೆಯದರ ಮೇಣ ಇನ್ನೂ ಗಟ್ಟಿಯಾಗಿಲ್ಲ, ನಾಳೆಗಿಟ್ಟೆ. ಲ್ಯಾಬಿನ ಬಾಗಿಲು ಹಾಕಿ, ಕೈಗಂಟಿದ ಪ್ಲಾಸ್ಟರನ್ನೂ ತೊಳೆಯದೆ ಹಿಂದೆ ಕಾರು ನಿಲ್ಲಿಸುವ ಶೆಡ್ಡಿಗೆ ಹೋದೆ. ಮತ್ತೆ ಅದೇ ವಾಸನೆ. ಪೆಟ್ರೋಲ್.

ಬಾನೆಟ್ ಎತ್ತಿದೆ. ಆಯಿಲ್ ನೋಡುವ ಕಡ್ಡಿ ಎಳೆದು ಮೂಸಿದೆ. ಆಯಿಲಿಗೂ ಪೆಟ್ರೋಲ್ ಇಳಿದಿದೆ. ಅಂದರೆ ಫ್ಯುಯೆಲ್ ಪಂಪಿನ ಒಳಗಿನ ರಬ್ಬರ್ ಹಾಳೆ ಹರಿದಿದೆ. ಹೊಸ ಪಂಪ್. ಹಾಕಿಸಿ ಇಪ್ಪತ್ತೆರಡೇ ದಿನ.

"ಒರಿಜಿನಲ್ ಥರಾನೇ ಮೇಡಂ" ಅಂದಿದ್ದ ಅಂಗಡಿಯವನು. 'ಥರಾನೇ' ಅಂದ ಕೂಡಲೇ ಎದ್ದು ಬರಬೇಕಿತ್ತು. ದಿನವಿಡೀ ಹಲ್ಲಿನ ಥರದ್ದನ್ನೇ ಮಾಡಿ ಕೊಡುವವಳು ನಾನು. ನನಗೇ ಹೊಳೆಯಲಿಲ್ಲ.

ಇವರು ಅಡುಗೆಮನೆಯ ಕಿಟಕಿಯಿಂದ ಇಣುಕಿ, "ಮನೆಗೆ ಬೆಂಕಿ ಬೀಳೋ ಮುಂಚೆ ಅದನ್ನ ಕಳಿಸಿಬಿಡೇ" ಅಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಇವರು ಆ ಗಾಡಿಯಲ್ಲಿ ಕೂತದ್ದು ನಾಲ್ಕು ಸಲ. ಸೊಂಟ ಹಿಡಿಯುತ್ತದಂತೆ.

ಕಳಿಸುವುದಿಲ್ಲ. ಸೋದರಮಾವ ಹೋಗುವಾಗ ಮನೆಯನ್ನು ಮಗನಿಗೂ ಈ ಎರಡು ಸೀಟಿನ ಕೆಂಪು ಸ್ಪೋರ್ಟ್ಸ್ ಕಾರನ್ನು ನನಗೂ ಬರೆದಿಟ್ಟು ಹೋದ. ನನಗಿಂತ ಆರು ವರ್ಷ ಚಿಕ್ಕದು, ಅದಕ್ಕೀಗ ನಲವತ್ಮೂರು. ಹದಿನೆಂಟಕ್ಕೆ ಡ್ರೈವಿಂಗ್ ಕಲಿತದ್ದು ಇದರಲ್ಲೇ. ಇದರ ಸ್ಟೀರಿಂಗ್ ಹಿಡಿದಾಗ ಮಾತ್ರ ತಲೆಯಲ್ಲಿ ಯಾರ ದವಡೆಯ ಅಳತೆಯೂ ಇರುವುದಿಲ್ಲ.

ಜೂನ್ 4, ಗುರುವಾರ

ಮೆಕ್ಯಾನಿಕ್ ಬಂದಿದ್ದ. ಅರವತ್ತು ದಾಟಿದವನು, ಕೇಳಿದ್ದಕ್ಕೆಲ್ಲ 'ಹೂಂ' ಅನ್ನುವುದು ಅಭ್ಯಾಸ. ಪಂಪ್ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದ. ಹಾಳೆ ಅಂಚಿನುದ್ದಕ್ಕೂ ಸೀಳಿದೆ.

"ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಕಾಯ್ತಿರುತ್ತೆ. ಸ್ಟಾರ್ಟ್ ಮಾಡ್ಬೇಡಿ. ಒರಿಜಿನಲ್ ತನ್ನಿ, ಹಳೇದಾದ್ರೂ ಸರಿ."

"ಎಲ್ಲಿ ಸಿಗುತ್ತೆ?"

ಮುಖ ಆಚೆ ತಿರುಗಿಸಿದ. ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸಿದ. "ಹುಡುಕ್ತಾ ಇರಿ. ಸಿಗಬಹುದು."

'ಸಿಗಬಹುದು' ಅಂದದ್ದು ಸುಮ್ಮನೆ ಬಾಯಿಮಾತಿಗಲ್ಲ. ಏನೋ ಗೊತ್ತಿದೆ ಇವನಿಗೆ.

ಜೂನ್ 9, ಮಂಗಳವಾರ

ಗುಜರಿಗಳು ಮೂರು ಮುಗಿದವು. ಮೊದಲನೆಯವನು ಟ್ರ್ಯಾಕ್ಟರಿನ ಪಂಪ್ ತೋರಿಸಿ ಇದೇ ಅಂದ. ಎರಡನೆಯವನು ನಾಳೆ ಬನ್ನಿ ಅಂದ. ಮೂರನೆಯವನು ನನ್ನ ಗಾಡಿಯನ್ನೇ ಕೊಡುತ್ತೀರಾ ಅಂತ ಕೇಳಿದ. ವಿದೇಶದಿಂದ ತರಿಸಿದರೆ ಪಂಪ್ ಒಂದಕ್ಕೇ ನನ್ನ ಎರಡು ತಿಂಗಳ ದುಡಿಮೆ, ಅದೂ ಒರಿಜಿನಲ್ಲೋ 'ಥರಾನೇ'ಯೋ ದೇವರೇ ಬಲ್ಲ.

'ಬೇಕಾಗಿದೆ' ಅಂತ ಹಳೆ ಸಾಮಾನಿನ ಆನ್‌ಲೈನ್ ಪುಟದಲ್ಲಿ ನಂಬರ್ ಹಾಕಿದೆ.

ಜೂನ್ 13, ಶನಿವಾರ. ಮಧ್ಯಾಹ್ನ

ಅದೇ ಪುಟದಲ್ಲಿ ಒಂದು ಜಾಹೀರಾತು. ನನ್ನದೇ ಮಾಡೆಲ್ಲಿನ ಪಂಪ್. ಫೋಟೋದಲ್ಲಿ ಹೂವಿನ ಚಿತ್ತಾರದ ಟವೆಲ್ ಮೇಲೆ ಮಲಗಿಸಿದ್ದಾರೆ, ಸ್ನಾನ ಮಾಡಿಸಿದ ಮಗುವಿನ ಹಾಗೆ. ಬೆಲೆ ಡೂಪ್ಲಿಕೇಟಿಗಿಂತ ಕಡಿಮೆ.

ಇಷ್ಟು ಕಡಿಮೆ ಯಾಕೆ? ಒಂದೋ ಕೆಟ್ಟಿದೆ, ಇಲ್ಲ ಕದ್ದದ್ದು.

ಫೋನ್ ಮಾಡಿದೆ. ಹೆಂಗಸಿನ ದನಿ, ವಯಸ್ಸಾದದ್ದು, ಪಿಸುಗುಟ್ಟಿದ ಹಾಗೆ. ಮನೆ ಎಲ್ಲಿ ಅಂದರೆ ಹೇಳಲಿಲ್ಲ. ಮಂಗಳವಾರ ಬಸ್ ನಿಲ್ದಾಣದ ಮೂರನೇ ಬೆಂಚಿಗೆ ಬನ್ನಿ ಅಂದರು.

"ನೀನು ಹಾಲಿನ ಪ್ಯಾಕೆಟ್ಟನ್ನೂ ತಿರುಗಿಸಿ ಮುರುಗಿಸಿ ನೋಡೋಳು. ಬೆಲೆ ಕಮ್ಮಿ ಅಂದ್ರೆ ಮಾತ್ರ ಕಣ್ಣು ಮುಚ್ಕೊಂಡು ಹೋಗ್ತೀಯ" — ಇವರ ಮಾತು. ಬರೆದಿಟ್ಟುಕೊಂಡೆ. ನಿಜವಾದ್ದರಿಂದ.

ಜೂನ್ 16, ಮಂಗಳವಾರ

ಎಪ್ಪತ್ತರ ಆಸುಪಾಸು. ಇಸ್ತ್ರಿ ಮಾಡಿದ ಬಟ್ಟೆ, ಬೆಳ್ಳಿ ಅಂಚಿನ ಕನ್ನಡಕ. ಮಡಿಲಲ್ಲಿ ಚೀಲ, ಚೀಲದಲ್ಲಿ ಟವೆಲ್, ಟವೆಲಿನಲ್ಲಿ ಪಂಪ್. ಬಸ್ಸಿನಲ್ಲಿ ಪಕ್ಕದವರು ವಾಸನೆಗೆ ಎದ್ದು ಹೋದರಂತೆ. ಕಳ್ಳಿಯ ಹಾಗೆ ಕಾಣಲಿಲ್ಲ. ಆದರೆ ಕಳ್ಳರು ಕಳ್ಳರ ಹಾಗೆ ಕಂಡರೆ ಕೆಲಸ ಸಾಗುತ್ತದೆಯೇ?

"ಯಾರದ್ದಮ್ಮ ಇದು?"

"ನಮ್ಮಣ್ಣಂದು. ಅವನಿಗೆ ಬೇಡ."

ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸ್. ಸ್ವಂತ ಕೈಯಲ್ಲಿ ಬಿಚ್ಚಿದ್ದಾರೆ. ಅಣ್ಣನ ಗಾಡಿಯ ಪಂಪನ್ನು ಎಪ್ಪತ್ತರ ತಂಗಿ ಯಾಕೆ ಬಿಚ್ಚುತ್ತಾರೆ?

ಲೀವರ್ ಒತ್ತಿ, ಬೆರಳಿಂದ ಪಂಪಿನ ಬಾಯಿ ಮುಚ್ಚಿ ಪರೀಕ್ಷಿಸಿದೆ. ಗಟ್ಟಿಯಾಗಿ ಹಿಡಿಯಿತು. ದುಡ್ಡು ಕೊಟ್ಟೆ, ಅವರು ಎಣಿಸಲೇ ಇಲ್ಲ. ಏಳುವಾಗ ಕೇಳಿದರು, "ಇದಿಲ್ದೆ ಗಾಡಿ ಹೊರಡಲ್ಲ ತಾನೆ?"

"ಹೇಗೆ ಹೊರಡುತ್ತೆ? ಪೆಟ್ರೋಲೇ ಬರಲ್ವಲ್ಲ."

"ಮತ್ತೊಂದು ಸಿಗೋದು ಕಷ್ಟ ಅಲ್ವಾ?"

"ನನ್ನನ್ನ ಕೇಳಿ."

ಅವರ ಮುಖದಲ್ಲಿ ಕಂಡದ್ದು ಏನು? ಸಮಾಧಾನ. ಮಾರುವವರ ಮುಖದಲ್ಲಿ ಆ ಥರದ ಸಮಾಧಾನ ನಾನು ನೋಡಿಲ್ಲ. ಟವೆಲ್ ಅಮ್ಮ ಅಂತ ಹೆಸರಿಟ್ಟಿದ್ದೇನೆ.

ಜೂನ್ 19, ಶುಕ್ರವಾರ

ಪಂಪ್ ಕೂತಿತು. ಮೆಕ್ಯಾನಿಕ್ ಅದನ್ನು ಕೈಗೆ ತೆಗೆದುಕೊಂಡು ಬುಡಮೇಲು ಮಾಡಿ, ಅಡಿಯನ್ನು ಹೆಬ್ಬೆರಳಿನಿಂದ ಸವರಿದ. ಎಲ್ಲಿ ಸಿಕ್ಕಿತು ಅಂತ ಕೇಳಲೇ ಇಲ್ಲ. ಎಲ್ಲರೂ ಕೇಳುವ ಪ್ರಶ್ನೆ ಅದು.

ಎರಡನೇ ಸಲಕ್ಕೆ ಸ್ಟಾರ್ಟ್. ಕೆರೆ ಏರಿಯ ತನಕ ಹೋಗಿ ಬಂದೆ. ವಾಸನೆ ಇಲ್ಲ.

ಜುಲೈ 6, ಸೋಮವಾರ

ಎರಡು ವಾರ ಬರೆಯಲಿಲ್ಲ. ಬರೆಯುವುದಕ್ಕಿಂತ ಓಡಿಸಿದ್ದೇ ಹೆಚ್ಚು.

ಈಗ ಕಾರ್ಬ್ಯುರೇಟರ್. ಎರಡಿವೆ, ಹಿಂದಿನದು ಸೋರುತ್ತಿದೆ. ಒಳಗಿನ ಸಣ್ಣ ಭಾಗಗಳೆಲ್ಲ ಸವೆದಿವೆಯಂತೆ. ಹಳೆ ಪುಟ ತೆರೆದೆ. ತೆರೆದವಳು ಹಾಗೇ ಕೂತೆ. ಎರಡು ಕಾರ್ಬ್ಯುರೇಟರ್, ಅದೇ ಹೂವಿನ ಟವೆಲ್, ಅದೇ ನಂಬರ್. ನಿನ್ನೆ ಸಂಜೆ ಹಾಕಿದ್ದು.

ನನಗೆ ಬೇಕಾದ ಹೊತ್ತಿಗೆ ಬೇಕಾದ್ದೇ ಬರುತ್ತದೆ. ಯಾರಿಗೆ ಗೊತ್ತಿತ್ತು ನನಗೆ ಬೇಕು ಅಂತ? ನನಗೆ. ಇವರಿಗೆ. ಮೆಕ್ಯಾನಿಕ್‌ಗೆ.

ಜುಲೈ 8, ಬುಧವಾರ

ಮತ್ತೆ ಮೂರನೇ ಬೆಂಚು. ಈ ಸಲ ಎರಡು ಚೀಲ. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜ್.

"ಬಾಗಿಲಿನ ಹಿಡಿ ಇದೆಯಾ ಅಮ್ಮ? ಮುಂದಿನ ಲೈಟ್?" ಬೇಕೆಂದೇ ಕೇಳಿದೆ.

"ಅದೆಲ್ಲ ಇಲ್ಲ. ಇಷ್ಟೇ."

ಅಂದರೆ ಇಡೀ ಗಾಡಿ ಬಿಚ್ಚಿ ಮಾರುತ್ತಿಲ್ಲ. ಪೆಟ್ರೋಲ್ ಹರಿಯುವ ಭಾಗ ಮಾತ್ರ. ಇದು ಕಳ್ಳರ ಲೆಕ್ಕವಲ್ಲ. ಕಳ್ಳನಾದರೆ ಮೊದಲು ಚಕ್ರ ಬಿಚ್ಚುತ್ತಾನೆ.

ಆದರೂ ಕೊಂಡೆ. ಅನುಮಾನ ಒಂದು ಕೈಯಲ್ಲಿ, ಚೀಲ ಇನ್ನೊಂದರಲ್ಲಿ.

ಜುಲೈ 12, ಭಾನುವಾರ. ಬೆಳಗ್ಗೆ 10

ಗೊತ್ತಿಲ್ಲದ ನಂಬರಿನಿಂದ ಫೋನ್. ತೂಕದ ದನಿ, ಹಿರಿಯರು. ಜೂನ್‌ನಲ್ಲಿ ನಾನು ಹಾಕಿದ 'ಬೇಕಾಗಿದೆ'ಯನ್ನು ಯಾರೋ ಓದಿ ಹೇಳಿದರಂತೆ.

"ನಿಮಗೆ ಪಂಪ್ ಸಿಕ್ತಾ ತಾಯಿ? ನನಗೂ ಅದೇ ಬೇಕು. ಈಗ ಕಾರ್ಬ್ಯುರೇಟರೂ ಬೇಕು."

ಪಂಪ್ ಮತ್ತು ಕಾರ್ಬ್ಯುರೇಟರ್. ಪೊಲೀಸರ ಕಡೆಯವರೇ? "ಇನ್ನೂ ಸಿಕ್ಕಿಲ್ಲ ಸಾರ್" ಅಂದುಬಿಟ್ಟೆ. ಬಾಯಿಗೆ ಬಂದ ಮೊದಲ ಸುಳ್ಳು.

ಅವರಿಗೆ ಬೇಸರವಾಗಲಿಲ್ಲ. ಮಾತಾಡಲು ಜನ ಸಿಕ್ಕಿದ ಖುಷಿಯಲ್ಲಿದ್ದರು. ನಲವತ್ತು ವರ್ಷ ಬೀಗದ ಅಂಗಡಿ ನಡೆಸಿದವರಂತೆ. ನನ್ನದೇ ಮಾಡೆಲ್, ಬಿಳಿ ಬಣ್ಣ, ಮೂವತ್ತೆಂಟು ವರ್ಷದಿಂದ ಅವರ ಕೈಯಲ್ಲಿ. ನನ್ನ ಕಾರ್ಬ್ಯುರೇಟರ್ ಸೋರುವ ವಿಷಯ ಹೇಳಿದೆ. "ಒಳಗೆ ಪೆಟ್ರೋಲ್ ಮೇಲೆ ತೇಲೋ ಬುರುಡೆ ಇರುತ್ತಲ್ಲ, ಅದನ್ನ ಕಿವಿ ಹತ್ರ ಇಟ್ಟು ಅಲ್ಲಾಡ್ಸಿ. ನೀರಿನ ಸದ್ದು ಬಂದ್ರೆ ತೂತಾಗಿದೆ ಅಂತ ಅರ್ಥ." ಬಿಚ್ಚಿಟ್ಟಿದ್ದ ಹಳೆಯದನ್ನು ತೆರೆದು ಅಲ್ಲಾಡಿಸಿದೆ. ಸದ್ದು ಬಂತು.

ಒಳ್ಳೆಯ ಮನುಷ್ಯ. ಅದೇ ನನಗೆ ಸರಿ ಹೋಗುತ್ತಿಲ್ಲ.

ಜುಲೈ 19, ಭಾನುವಾರ. 11.30

ಬೀಗದವರು ಮತ್ತೆ ಫೋನ್ ಮಾಡಿದರು. ಇವತ್ತು ಕಥೆ ಪೂರ್ತಿ ಹೇಳಿದರು. ಅವರ ಪಂಪ್ 'ಸವೆದದ್ದಲ್ಲ', ಶೆಡ್ಡಿನೊಳಗಿನಿಂದ ಕಾಣೆಯಾದದ್ದು.

"ನನ್ನ ಬೀಗ ಒಡೆದಿಲ್ಲ ತಾಯಿ. ಗೀರು ಕೂಡ ಇಲ್ಲ. ನನ್ನ ಬೀಗ ಕೀಲಿಯಿಲ್ದೆ ತೆಗೆಯೋನು ಹುಟ್ಟಿಲ್ಲ. ಕೀಲಿ ಇದ್ದದ್ದು ಮೆಕ್ಯಾನಿಕ್ ಹತ್ರ. ಮೂವತ್ತು ವರ್ಷ ಮನೆಮಗನ ಹಾಗೆ ನೋಡಿದ್ದೆ. ಹೋಗು ಅಂದೆ. ಹೂಂ ಅಂದ, ಹೋದ."

ಹೂಂ ಅಂದ. ಯಾವ ಮೆಕ್ಯಾನಿಕ್ ಅಂತ ಕೇಳಬೇಕಾಗಿರಲಿಲ್ಲ.

"ಸಿಕ್ಕಿದ್ರೆ ಗುರುತು ಹಿಡಿತೀರಾ ಸಾರ್?"

"ನನ್ನ ಸಾಮಾನಿಗೆಲ್ಲ ಮೂರು ಚುಕ್ಕೆ ಹೊಡೆದಿರ್ತೀನಿ. ಉಳಿಯಲ್ಲಿ. ಪಂಪಿನ ಬುಡದಲ್ಲಿ, ಬೆರಳಿಗೆ ಸಿಗುತ್ತೆ."

ಅದೇ ದಿನ. 12.15

ಹಲ್ಲಿನ ಡಾಕ್ಟರುಗಳ ಪುಟ್ಟ ಕನ್ನಡಿ, ಬಾಯಿಯೊಳಗೆ ಹಿಡಿಯುವಂಥದ್ದು, ಲ್ಯಾಬಿನಿಂದ ತಂದೆ. ಪಂಪಿನ ಕೆಳಗೆ ಹಿಡಿದೆ, ಟಾರ್ಚ್ ಬಿಟ್ಟೆ.

ಒಂದು. ಎರಡು. ಮೂರು.

ಕದ್ದ ಮಾಲು ನನ್ನ ಗಾಡಿಯಲ್ಲಿದೆ. ಅದನ್ನು ಕೂರಿಸಿದವನು ಬುಡಮೇಲು ಮಾಡಿ ಈ ಚುಕ್ಕೆ ನೋಡಿಯೇ ಸುಮ್ಮನಿದ್ದ. ಟವೆಲ್ ಅಮ್ಮ ಅವನ ಕಡೆಯವರು. ಕದಿಯಲು ಅವನು, ಮಾರಲು ಅವರು, ಕೊಳ್ಳಲು ದಡ್ಡಿ ನಾನು. ಕೂಡಿಸಿದರೆ ಲೆಕ್ಕ ಸರಿಬರುತ್ತದೆ.

ಇವರಿಗೆ ಹೇಳಿಲ್ಲ.

ಜುಲೈ 26, ಭಾನುವಾರ

ವಾರವೆಲ್ಲ ಕೆಲಸ ಕೆಟ್ಟಿತು. ಒಂದು ದವಡೆಗೆ ಇನ್ನೊಬ್ಬರ ಹಲ್ಲು ಕೂರಿಸಿ ಕಳಿಸಿದ್ದೆ, ವಾಪಸ್ ಬಂತು.

ಬೀಗದವರ ಫೋನ್. ನಾನೇ ಕೇಳಿದೆ, "ಪಂಪ್ ಹೋದ ಮೇಲೆ ಬೀಗ ಬದಲಾಯಿಸಲಿಲ್ವಾ ಸಾರ್?"

"ಮಾರನೇ ದಿನವೇ. ಹೊಸದು ಸ್ವಂತ ಕೈಯಲ್ಲಿ ಮಾಡ್ದೆ. ಆದ್ರೂ ಕಾರ್ಬ್ಯುರೇಟರ್ ಹೋಯ್ತು ನೋಡಿ."

"ಹೊಸ ಕೀಲಿ ಎಷ್ಟಿವೆ?"

"ಎರಡು. ಒಂದು ನನ್ನ ಜೇಬಲ್ಲಿ. ಒಂದು ನಮ್ಮನೆಯವಳ ಹತ್ರ."

ಮಳೆ ಬಿಸಿಲಿನ ಮಾತಾಡುವಷ್ಟು ಸಲೀಸಾಗಿ ಹೇಳಿದರು. ಆಚೆ ಕಡೆಯಿಂದ ಹೆಂಗಸಿನ ದನಿ ಕೇಳಿತು, "ಟೀ ಆರುತ್ತೆ, ಬನ್ನಿ." ಮಂಗಳವಾರ ಬನ್ನಿ, ಮೂರನೇ ಬೆಂಚಿಗೆ ಬನ್ನಿ ಅಂದಿದ್ದ ದನಿ.

ಅಣ್ಣನೂ ಇಲ್ಲ, ಕಳ್ಳನೂ ಇಲ್ಲ.

ಬೀಗದವರು ಇನ್ನೂ ಹೇಳುತ್ತಿದ್ದರು — ಪೊಲೀಸರಿಗೆ ದೂರು ಕೊಡುತ್ತಾರಂತೆ, ಮೆಕ್ಯಾನಿಕ್ ಮೇಲೆ. "ನನ್ನ ಅಕ್ಷರ ಈಗ ಸ್ವಲ್ಪ ಮಬ್ಬು. ನೀವು ಬಂದು ಬರೆದುಕೊಡ್ತೀರಾ? ಆಗಸ್ಟ್ ಐದು, ಬುಧವಾರ." ಹೂಂ ಅಂದೆ. ಮೆಕ್ಯಾನಿಕ್‌ನ ರೋಗ ನನಗೂ ಹತ್ತಿದೆ.

ಜುಲೈ 28, ಮಂಗಳವಾರ

ಗ್ಯಾರೇಜಿಗೆ ಹೋದೆ. ಸುತ್ತುಬಳಸಲಿಲ್ಲ. "ಮೂರು ಚುಕ್ಕೆ ನೋಡಿದ್ರಿ ತಾನೆ?"

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ನೋಡ್ದೆ."

"ಕಳ್ಳ ಅನ್ನಿಸ್ಕೊಂಡು ಯಾಕೆ ಸುಮ್ಮನಿದ್ದೀರಿ? ಬರೋ ವಾರ ದೂರು ಬರೆಸ್ತಾರೆ."

"ಬಿಚ್ಚಿದ್ದು ನಾನಲ್ಲ. ಯಾವುದು ಸಿಗೋದು ಕಷ್ಟ ಅಂತ ಅಮ್ಮ ಕೇಳಿದ್ರು, ಹೇಳ್ದೆ. ನಿಮಗೆ ಬೇಕಿತ್ತು, ಅವರಿಗೆ ಬೇಡವಾಗಿತ್ತು. ಅಷ್ಟೇ." ಕೈ ಒರೆಸಿಕೊಂಡರು. "ಯಜಮಾನರಿಗೆ ಯಾರಾದ್ರೂ ಒಬ್ಬರ ಮೇಲೆ ಸಿಟ್ಟು ಬೇಕಲ್ಲ ಮೇಡಂ. ನನ್ನ ಮೇಲಾದ್ರೆ ಪರವಾಗಿಲ್ಲ. ಅವರಿಬ್ಬರೂ ಒಂದೇ ಮನೇಲಿ ಇರಬೇಕು."

ಇಲ್ಲಿಂದ ಮುಂದೆ 'ಅವನು' ಅಂತ ಬರೆಯಲು ಕೈ ಬರುತ್ತಿಲ್ಲ.

ಜುಲೈ 30, ಗುರುವಾರ. ಸಂಜೆ

ಟವೆಲ್ ಅಮ್ಮನನ್ನು ಬೆಂಚಿಗೆ ಕರೆಸಿದೆ. ನನ್ನ ಮುಖ ನೋಡಿಯೇ ತಿಳಿದುಕೊಂಡರು. ಚೀಲವಿಲ್ಲದ ಕೈಗಳನ್ನು ಎಲ್ಲಿಡಬೇಕೋ ತೋಚದೆ ಮಡಿಲಲ್ಲಿ ಕಟ್ಟಿಕೊಂಡು ಕೂತರು.

ಬೀಗದವರಿಗೆ ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆಯಂತೆ. ಅಕ್ಕಪಕ್ಕದ್ದು ಕಾಣುತ್ತದೆ, ನೇರ ಮುಂದಿರುವುದು ಕಾಣುವುದಿಲ್ಲ. ಲೈಸೆನ್ಸಿನ ಪರೀಕ್ಷೆಗೆ ಗೋಡೆಯ ಅಕ್ಷರಗಳನ್ನು ಬಾಯಿಪಾಠ ಮಾಡಿ ಹೋಗಿ ಪಾಸಾಗಿ ಬಂದಿದ್ದಾರೆ.

"ಮಾರ್ಚ್‌ನಲ್ಲಿ ನಾನೂ ಪಕ್ಕದಲ್ಲಿದ್ದೆ. ಶಾಲೆ ಬಿಟ್ಟ ಹೊತ್ತು. ಒಂದು ಹುಡುಗಿ ಬ್ಯಾಗ್ ಬಿಸಾಕಿ ಹಿಂದಕ್ಕೆ ಹಾರಿದ್ಲು. ಚಕ್ರ ಬ್ಯಾಗ್ ಮೇಲೆ ಹೋಯ್ತು. 'ಯಾವನೋ ರಟ್ಟಿನ ಡಬ್ಬ ರಸ್ತೇಲಿ ಬಿಟ್ಟಿದ್ದಾನೆ' ಅಂದ್ರು."

"ನೀವು ಹೇಳಲಿಲ್ವಾ?"

"ಹೇಳ್ದೆ. ನಿನ್ನ ಕಣ್ಣು ತೋರಿಸ್ಕೋ ಅಂದ್ರು." ನಗಲು ಹೋಗಿ ಆಗಲಿಲ್ಲ ಅವರಿಗೆ. "ಕೀಲಿ ಬಚ್ಚಿಟ್ಟೆ. ಬೀಗದವರಿಗೆ ಕೀಲಿ ಮಾಡೋದು ಎಷ್ಟು ಹೊತ್ತಿನ ಕೆಲಸ? ಬ್ಯಾಟರಿ ತೆಗೆಸ್ದೆ. ಹೊಸದು ತಂದ್ರು. ಆಮೇಲೆ ಇದೊಂದು ಉಳೀತು."

"ಅಷ್ಟೇ ಆಗಿದ್ರೆ ಎಸೆದುಬಿಡಬಹುದಿತ್ತಲ್ಲ. ಮಾರೋದು ಯಾಕೆ?"

"ಎಸೆಯೋಕೆ ಹೋಗಿದ್ದೆ. ಕೈ ಬರಲಿಲ್ಲ. ಮೂವತ್ತೆಂಟು ವರ್ಷ ಒರೆಸಿದ್ದಾರೆ ಅದನ್ನ. ಇನ್ನೊಂದು ಗಾಡೀಲಾದ್ರೂ ಓಡಲಿ ಅನ್ನಿಸ್ತು."

ಮೆಕ್ಯಾನಿಕ್ ಮೇಲೆ ದೂರಿನ ವಿಷಯ ಹೇಳಿದೆ. ಅದು ಅವರಿಗೆ ಗೊತ್ತಿರಲಿಲ್ಲ. ನಾನೇ ಹೇಳಿಬಿಡ್ತೀನಿ ಅಂದರು. ಬುಧವಾರದ ತನಕ ತಡೆಯಿರಿ ಅಂದೆ. ಯಾಕೆ ಹಾಗಂದೆನೋ. ಆ ಹೊತ್ತಿಗೆ ನನ್ನ ಹತ್ತಿರ ಯಾವ ಉಪಾಯವೂ ಇರಲಿಲ್ಲ.

ಆಗಸ್ಟ್ 1, ಶನಿವಾರ

ಇವರಿಗೆ ಎಲ್ಲ ಹೇಳಿದೆ. ಪೇಪರ್ ಮಡಿಸಿಟ್ಟು ಕೇಳಿದರು. ಇವರು ಪೇಪರ್ ಮಡಿಸುವುದು ಅಪರೂಪ.

"ಪಂಪ್ ವಾಪಸ್ ಕೊಟ್ರೆ ಯಾರದಾದ್ರೂ ಮಗು ಹೋಗುತ್ತೆ. ಕೊಡದಿದ್ರೆ ಮೆಕ್ಯಾನಿಕ್ ಮಾನ ಹೋಗುತ್ತೆ. ಹೇಳಿದ್ರೆ ಅವರ ಸಂಸಾರ ಹೋಗುತ್ತೆ." ಬೆರಳು ಮಡಿಸುತ್ತ ಅಂದರು. ಮೂರು ಬೆರಳೂ ಮಡಿಚಿಯೇ ಉಳಿದವು.

ಎಲ್ಲರನ್ನೂ ಅನುಮಾನಿಸುತ್ತಿದ್ದೆ. ನೋಡಿದರೆ ಈ ಕಥೆಯಲ್ಲಿ ಅಗ್ಗಕ್ಕೆ ಸಿಕ್ಕಿದೆಯೆಂದು ಕಣ್ಣುಮುಚ್ಚಿ ಕೊಂಡವಳು, ಸಿಕ್ಕಿಲ್ಲ ಅಂತ ಭಾನುವಾರ ಭಾನುವಾರ ಸುಳ್ಳು ಹೇಳಿದವಳು ನಾನೊಬ್ಬಳೇ. ಉಳಿದವರು ಒಬ್ಬರನ್ನೊಬ್ಬರು ಕಾಯುತ್ತಿದ್ದಾರೆ.

ಆಗಸ್ಟ್ 5, ಬುಧವಾರ. ಸಂಜೆ 7

ಹೋಗಿ ಬಂದೆ. ಮರೆಯುವ ಮುಂಚೆ ಬರೆದಿಡಬೇಕು.

ಬಸ್ಸಿನಲ್ಲಿ ಹೋಗಲಿಲ್ಲ. ಕೆಂಪು ಗಾಡಿಯಲ್ಲೇ ಹೋದೆ. ಗೇಟಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸದೆ ಕಾದೆ. ಟವೆಲ್ ಅಮ್ಮ ತಮ್ಮ ತಂಗಿಯ ಮನೆಗೆ ಹೋಗಿದ್ದರು. ದೂರು ಬರೆಸುವಾಗ ಅವರಿರುವುದು ಬೇಡ ಅಂತ ಬೀಗದವರೇ ಕಳಿಸಿದ್ದರಂತೆ.

ಬೀಗದವರು ಹೊರಗೆ ಬಂದರು. ಎತ್ತರದ ಆಳು. ನನ್ನ ಮುಖ ನೋಡದೆ ನನ್ನ ಕಿವಿಯ ಕಡೆ ನೋಡುತ್ತಾರೆ. ಹಾಗೆ ಓರೆಯಾಗಿ ನೋಡಿದರೆ ಮಾತ್ರ ನಾನು ಕಾಣುತ್ತೇನೆ ಅಂತ ಆಮೇಲೆ ಹೊಳೆಯಿತು.

"ಪಂಪ್ ಸಿಕ್ಕಿಲ್ಲ ಅಂದಿದ್ರಿ. ಗಾಡಿ ಓಡ್ತಿದೆ."

ಎಂಜಿನ್ ಆರಿಸಿ ಬಾನೆಟ್ ಎತ್ತಿದೆ. "ಕೈ ಇಟ್ಟು ನೋಡಿ ಸಾರ್. ಬಿಸಿ ಇದೆ, ಮೆಲ್ಲಗೆ."

ಬೆರಳು ಪಂಪಿನ ಬುಡಕ್ಕೆ ನೇರವಾಗಿ ಹೋಯಿತು. ಅಲ್ಲಿ ನಿಂತಿತು. ಬಿಸಿಯಾಗಿದ್ದರೂ ತೆಗೆಯಲಿಲ್ಲ. ಆಮೇಲೆ ಎರಡೂ ಕಾರ್ಬ್ಯುರೇಟರುಗಳ ಮೇಲೆ ಕೈಯಾಡಿಸಿದರು. ಬೈಗುಳಕ್ಕೆ ಕಾದೆ. ಪೊಲೀಸರಿಗೆ ಕಾದೆ.

"ಒಂದು ರೌಂಡ್ ಹೋಗೋಣ್ವಾ?" ಅಂದರು. "ನೀವೇ ಓಡ್ಸಿ."

ಪಕ್ಕದಲ್ಲಿ ಕೂತರು. ಹಳೆ ಮಾರ್ಕೆಟ್, ರೈಲ್ವೆ ಗೇಟ್, ಆಸ್ಪತ್ರೆಯ ಹಿಂಬದಿ. ಎಡಕ್ಕೆ ಹೊಸ ಹೋಟೆಲ್ ಬಂದಿದೆ, ಬಲಕ್ಕೆ ಮರ ಕಡಿದಿದ್ದಾರೆ, ಎಲ್ಲ ಸರಿಯಾಗಿ ಹೇಳಿದರು. ಕಣ್ಣೇ ಇಲ್ಲ ಅಂದವರು ಯಾರು ಅನ್ನಿಸುವಷ್ಟು. ಅಮ್ಮ ಹೇಳಿದ್ದೇ ಸುಳ್ಳಿರಬಹುದೇ ಅಂತ ಒಂದು ಗಳಿಗೆ ನನಗೆ ಅನುಮಾನ ಬಂತು. ನಾಚಿಕೆಯಿಲ್ಲದ ಬುದ್ಧಿ.

ಶಾಲೆಯ ಮುಂದೆ ಬ್ರೇಕ್ ಹಾಕಿದೆ.

"ಯಾಕೆ ನಿಲ್ಲಿಸಿದ್ರಿ? ರಸ್ತೆ ಖಾಲಿ ಇದೆಯಲ್ಲ."

ಮಕ್ಕಳು ದಾಟುತ್ತಿದ್ದರು, ಬಾನೆಟ್ಟಿನಿಂದ ನಾಲ್ಕು ಹೆಜ್ಜೆ ಮುಂದೆ. ಒಬ್ಬಳು ಗಾಡಿಯ ಬಣ್ಣ ನೋಡಿ ನಕ್ಕು ಏನೋ ಅಂದಳು. ಆ ನಗು ಅವರಿಗೂ ಕೇಳಿಸಿತು. ತಲೆಯನ್ನು ನಿಧಾನಕ್ಕೆ ಪಕ್ಕಕ್ಕೆ ತಿರುಗಿಸಿ, ಓರೆಗಣ್ಣಿನಲ್ಲಿ ಮುಂದೆ ನೋಡಿದರು.

"ಎಷ್ಟು ಜನ?"

"ಒಂಬತ್ತು ಸಾರ್."

ಕೊನೆಯ ಮಗು ದಾಟಿತು. ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ನಾನು ಹೊರಡಲಿಲ್ಲ.

"ಅವತ್ತು ಅದು ರಟ್ಟಿನ ಡಬ್ಬ ಅಲ್ಲ" ಅಂದರು. ಪ್ರಶ್ನೆಯಾಗಿರಲಿಲ್ಲ.

ವಾಪಸ್ ಬಂದೆವು. ಗೇಟಿನ ಹತ್ತಿರ ಸೀಟ್‌ಬೆಲ್ಟ್ ಬಿಚ್ಚದೆ ಕೂತಿದ್ದರು.

"ಕೀಲಿ ಎರಡೇ ಇತ್ತು ತಾಯಿ. ಅಷ್ಟು ಲೆಕ್ಕ ನನಗೂ ಬರುತ್ತೆ. ಮೆಕ್ಯಾನಿಕ್ ಕಳ್ಳ ಅಂದ್ಕೊಂಡ್ರೆ ಹೇಗೋ ದಿನ ಕಳೀಬಹುದು. ಅವಳು ಅಂದ್ಕೊಂಡ್ರೆ ಊಟಕ್ಕೆ ಹೇಗೆ ಕೂರ್ಲಿ?"

"ಅವರು ಕದ್ದದ್ದಲ್ಲ ಸಾರ್."

"ಗೊತ್ತಾಯ್ತು. ಈಗ." ಇಳಿದರು. ಬಾಗಿಲು ಹಿಡಿದುಕೊಂಡೇ ಬಗ್ಗಿ ಅಂದರು, "ನನಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳ್ಬೇಡಿ. ಇಷ್ಟು ಕಷ್ಟಪಟ್ಟು ಬಿಚ್ಚಿದ್ದಾಳೆ. ಹೆಬ್ಬೆರಳಿಗೆ ಗಾಯ ಬೇರೆ."

ದೂರಿಗೆಂದು ಒಯ್ದಿದ್ದ ಬಿಳಿ ಹಾಳೆ ಸೀಟಿನ ಮೇಲೇ ಇತ್ತು.

ಆಗಸ್ಟ್ 12, ಬುಧವಾರ

ಅಮ್ಮನ ಫೋನ್, ಪಿಸುದನಿಯಲ್ಲಿ. "ನಿನ್ನೆ ಮೆಕ್ಯಾನಿಕ್‌ನ ಕರೆಸಿದ್ರು. ಟೀ ಕೊಡು ಅಂದ್ರು. 'ಕೀಲಿ ನಾನೇ ಎಲ್ಲೋ ಬಿಟ್ಟಿದ್ದೆ, ಯಾರೋ ಒಳಗೆ ಬಂದಿದ್ದಾರೆ, ನಿನ್ನ ಅಂದದ್ದು ತಪ್ಪಾಯ್ತು' ಅಂದ್ರು. ಕೈ ಹಿಡ್ಕೊಂಡು ಅಂದ್ರು. ಅವರಿಗೇನಾದ್ರೂ ಗೊತ್ತಾಯ್ತಾ?"

"ಇಲ್ಲಮ್ಮ."

"ದೂರು ಬರೆಯೋಕೆ ನೀವು ಬಂದಿದ್ರಲ್ಲ. ಏನೂ ಹೇಳಲಿಲ್ವಾ?"

"ಬಂದು ಒಂದು ರೌಂಡ್ ಹೋಗಿ ಬಂದ್ವಿ. ಅಷ್ಟೇ."

ನಂಬಿದರೋ ಇಲ್ಲವೋ. ನಾನಾಗಿದ್ದರೆ ನಂಬುತ್ತಿರಲಿಲ್ಲ.

ಮೆಕ್ಯಾನಿಕ್‌ರನ್ನೂ ಕೇಳಿದೆ, ಬೀಗದವರು ಏನಂದರು ಅಂತ. "ಹೂಂ" ಅಂದರು. ಆದರೆ ಇವತ್ತಿನ ಹೂಂ ಬೇರೆಯಿತ್ತು.

ಆಗಸ್ಟ್ 23, ಭಾನುವಾರ. ಬೆಳಗ್ಗೆ 10.20

ಹತ್ತಕ್ಕೆ ಸರಿಯಾಗಿ ಫೋನ್. ಗಟ್ಟಿಯಾಗಿ, ಮನೆಗೆಲ್ಲ ಕೇಳುವ ಹಾಗೆ, "ನನ್ನ ಗಾಡಿಗೆ ಪಂಪ್ ಸಿಕ್ತಾ ತಾಯಿ?"

"ಇನ್ನೂ ಇಲ್ಲ ಸಾರ್."

"ಬಿಡಬೇಡಿ. ಹುಡುಕ್ತಾ ಇರಿ."

ಆಮೇಲೆ ದನಿ ಇಳಿಸಿ ಹೇಳಿದರು, ಕಣ್ಣಿನ ಆಸ್ಪತ್ರೆಗೆ ಹೋಗಿದ್ದರಂತೆ. "ಈ ಸಲ ಬಾಯಿಪಾಠ ಮಾಡಿರಲಿಲ್ಲ. ಮೊದಲನೇ ಅಕ್ಷರಕ್ಕೇ ಫೇಲು." ಲೈಸೆನ್ಸ್ ವಾಪಸ್ ಕೊಟ್ಟಿದ್ದಾರೆ. ಅಮ್ಮನಿಗೆ ಜೇಬಿನಿಂದ ಎಲ್ಲೋ ಬಿದ್ದುಹೋಯಿತು ಅಂದಿದ್ದಾರೆ. ಸುಳ್ಳು ಹೇಳುವುದರಲ್ಲಿ ನನ್ನಷ್ಟೇ ಪಳಗುತ್ತಿದ್ದಾರೆ.

ಸಂಜೆ ರೌಂಡಿಗೆ ಕರೆದುಕೊಂಡು ಹೋಗಬೇಕು. ಪ್ರತಿ ಭಾನುವಾರದ ಒಪ್ಪಂದ.

ಆಗಸ್ಟ್ 30, ಭಾನುವಾರ. 10.15

"ಪಂಪ್ ಸಿಕ್ತಾ ತಾಯಿ?"

"ಇಲ್ಲ ಸಾರ್. ನೋಡ್ತಾ ಇದ್ದೀನಿ."

"ಹುಡುಕ್ತಾ ಇರಿ."

ಹಿಂದಿನಿಂದ ಅಮ್ಮನ ದನಿ. ಪಿಸುದನಿಯಲ್ಲ, ಅಡುಗೆಮನೆಯಿಂದ ಹಜಾರಕ್ಕೆ ಕೇಳುವಂಥ ದನಿ. "ಅವರಿಗೆ ಯಾಕೆ ವಾರವಾರ ತೊಂದರೆ ಕೊಡ್ತೀರಿ? ಸಿಗೋ ಕಾಲಕ್ಕೆ ಸಿಗುತ್ತೆ ಬಿಡಿ."

ಫೋನ್ ಇಟ್ಟ ಮೇಲೂ ಕಿವಿಯಲ್ಲಿ ಅದೇ ಉಳಿದಿದೆ. ಆ ದನಿಯಲ್ಲಿ ನಗುವಿತ್ತು. ಇತ್ತು, ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ಹಾಗಾದರೆ ಅಮ್ಮನಿಗೂ ಗೊತ್ತಿದೆ. ಯಾವತ್ತಿನಿಂದ? ಲೈಸೆನ್ಸ್ ಬಿದ್ದುಹೋಯಿತು ಅಂದ ದಿನದಿಂದಲೇ? ಸಂಜೆ ಹೋದಾಗ ಅವರ ಮುಖ ನೋಡಿದರೆ ಗೊತ್ತಾಗಿಬಿಡುತ್ತದೆ. ಕೇಳಿಬಿಟ್ಟರೆ ಇನ್ನೂ ಒಳ್ಳೆಯದು. ಕೇಳಿ, ಅವರು ಹೌದು ಅಂದರೆ, ಆಮೇಲೆ ಭಾನುವಾರ ಹತ್ತಕ್ಕೆ ನಾನು ಯಾರಿಗೆ ಏನು ಸುಳ್ಳು ಹೇಳಲಿ?